26 ಲಕ್ಷದ ಹಾಳೆ, ಚಾಕಣ್‌ನ ಎಂಟು ದಿನ

2023ರ ಜುಲೈ ಕೊನೆಯ ವಾರ ನಮ್ಮ ಪೀಣ್ಯದ ಕಾರ್ಖಾನೆಯಲ್ಲಿ ಎಲ್ಲರ ಕೈಗೂ ಒಂದೊಂದು ಲಕೋಟೆ ಬಂತು. ಒಳಗೆ ಎರಡು ಹಾಳೆ. ಘಟಕ ಪುಣೆ ಹತ್ತಿರದ ಚಾಕಣ್‌ಗೆ ಹೋಗುತ್ತಿದೆ, ಅಲ್ಲಿಗೆ ಬಂದರೆ ಅದೇ ಹುದ್ದೆ, ಅದೇ ಸಂಬಳ ಅಂತ ಒಂದರಲ್ಲಿತ್ತು. ಬರಲು ಆಗದವರಿಗೆ ವಿಆರ್‌ಎಸ್, ಅಂದರೆ ಪರಿಹಾರ ತೆಗೆದುಕೊಂಡು ತಾವಾಗಿಯೇ ಕೆಲಸ ಬಿಡುವ ಸ್ವಯಂ ನಿವೃತ್ತಿ ಯೋಜನೆ, ಅಂತ ಇನ್ನೊಂದರಲ್ಲಿ. ತೀರ್ಮಾನ ಹೇಳಲು 30 ದಿನ.

ಆಗ ನನಗೆ 46 ವರ್ಷ. ಕ್ವಾಲಿಟಿ ವಿಭಾಗದಲ್ಲಿದ್ದೆ. 2002ರ ನವೆಂಬರ್ 18ಕ್ಕೆ ಸೇರಿದವನು, ಬೇರೆ ಕಂಪನಿಯ ಗೇಟು ನೋಡಿರಲಿಲ್ಲ.

ವಿಆರ್‌ಎಸ್ ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಒಟ್ಟು ಮೊತ್ತ ಇತ್ತು: 26,04,385 ರೂಪಾಯಿ. ನಮ್ಮ ಮನೆಯಲ್ಲಿ ಅಷ್ಟು ದುಡ್ಡಿನ ಮಾತು ಯಾವತ್ತೂ ಬಂದಿರಲಿಲ್ಲ. ಕ್ಯಾಂಟೀನಿನಲ್ಲಿ ಅವತ್ತೇ ಕೆಲವರು ಸೈಟು, ಕಾರು ಅಂತ ಮಾತಾಡತೊಡಗಿದರು. ನಾನು ಆ ಹಾಳೆಯನ್ನು ಮನೆಗೆ ತಂದು, ಮಗಳ ರಫ್ ನೋಟ್‌ಬುಕ್ ತೆಗೆದುಕೊಂಡು ಒಂದೊಂದೇ ಸಾಲು ಬಿಡಿಸಿದೆ. ಈ ಕೆಲಸವನ್ನು ಎಲ್ಲರೂ ಮಾಡಲೇಬೇಕು ಅನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪಿಎಫ್ 8,90,000. ಅದು ನನ್ನದೇ ದುಡ್ಡು. ಚಾಕಣ್‌ಗೆ ಹೋದರೂ ನನ್ನದೇ. ರಜೆ ಹಣ 1,14,000, ಅದೂ ಕೂಡಿಟ್ಟ ರಜೆಯದು. ಗ್ರಾಚ್ಯುಟಿ 4,60,385. ನನ್ನ ಬೇಸಿಕ್ ಮತ್ತು ಡಿಎ ಸೇರಿ 38,000. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 21 ವರ್ಷಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಇದು ಕಾನೂನಿನ ಪ್ರಕಾರ ಬರುವ ಹಣ. ಕೆಲಸ ಮುಂದುವರಿಸಿದರೆ ಇನ್ನೂ ಬೆಳೆಯುತ್ತದೆ. ಈ ಮೂರನ್ನೂ ಹೊಡೆದು ಹಾಕಿದ ಮೇಲೆ ಉಳಿದದ್ದು 11,40,000. ವರ್ಷಕ್ಕೆ 45 ದಿನದ ಸಂಬಳದ ಹಾಗೆ, 20 ವರ್ಷಕ್ಕೆ. ನಾನು ಕೆಲಸ ಬಿಡುವುದಕ್ಕೆ ಕಂಪನಿ ಕೊಡುತ್ತಿದ್ದ ಬೆಲೆ ಅಷ್ಟೇ.

ಅದರಲ್ಲೂ ತೆರಿಗೆ ಇದೆ. ನಿಯಮಕ್ಕೆ ಸರಿಯಾಗಿ ಮಾಡಿದ ವಿಆರ್‌ಎಸ್ ಆದರೆ 5 ಲಕ್ಷದವರೆಗೆ ವಿನಾಯಿತಿ, ಜೀವನದಲ್ಲಿ ಒಂದೇ ಸಲ. ಉಳಿದದ್ದು ಆ ವರ್ಷದ ಸಂಬಳದ ಜೊತೆ ಸೇರುತ್ತದೆ. ನಮ್ಮ ಏರಿಯಾದ ಲೆಕ್ಕಪತ್ರದವರನ್ನು ಕೇಳಿದೆ. 60ರಿಂದ 80 ಸಾವಿರ ಹೋಗಬಹುದು ಅಂದರು. ಅಲ್ಲಿಗೆ ಕೈಗೆ 10 ಲಕ್ಷ 70 ಸಾವಿರದ ಆಸುಪಾಸು. ನಮ್ಮ ಮನೆ ಖರ್ಚು ಸಾಲದ ಕಂತು ಸೇರಿ ತಿಂಗಳಿಗೆ 42,000. ಅಂದರೆ 26 ಲಕ್ಷ ಅಂತ ಕಂಡದ್ದು ನಿಜವಾಗಿ 25 ತಿಂಗಳ ಖರ್ಚು.

ಹೆಂಡತಿ ನೋಟ್‌ಬುಕ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ರೀ, ಇಲ್ಲಿ ಕೂತು ಯೋಚಿಸಿದರೆ ಬಗೆಹರಿಯಲ್ಲ. ಒಂದು ಸಲ ಹೋಗಿ ಇದ್ದು ಬನ್ನಿ" ಅಂದಳು.

ಆಗಸ್ಟ್‌ನಲ್ಲಿ ಎಂಟು ದಿನ ರಜೆ ಹಾಕಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ರಾತ್ರಿ ಹೊರಟರೆ ಪುಣೆ ಸೇರುವಾಗ ಮರುದಿನ ಸಂಜೆಯಾಗುತ್ತದೆ. ಬರುವಾಗ ಬಸ್ಸಿನಲ್ಲಿ ಬಂದೆ. ನಮ್ಮ ಕಾರ್ಖಾನೆಯ ಹತ್ತಿರದ ತುಮಕೂರು ರಸ್ತೆಯೇ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆಗೆ ಹೋಗುತ್ತದೆ. ಒಂದೇ ರಸ್ತೆ, 800 ಕಿಲೋಮೀಟರಿಗೂ ಜಾಸ್ತಿ ದೂರ. ಅಮ್ಮನಿಗೆ ಏನಾದರೂ ಆಯ್ತು ಅಂತ ಫೋನ್ ಬಂದರೆ ನಾನು ಮನೆ ಮುಟ್ಟಲು ಎಷ್ಟು ಹೊತ್ತು ಬೇಕು ಅನ್ನುವುದು ಆ ಬಸ್ಸಿನಲ್ಲಿ ಮೈಗೆ ಗೊತ್ತಾಯಿತು.

ಚಾಕಣ್‌ನಲ್ಲಿ ನಮಗಿಂತ ಮೊದಲೇ ಹೋಗಿದ್ದ ಗೆಳೆಯನ ರೂಮಿನಲ್ಲಿ ಉಳಿದೆ. ಪ್ರವಾಸಕ್ಕೆ ಬಂದವನ ಹಾಗೆ ಇರಬಾರದು ಅಂತ ನಿರ್ಧರಿಸಿದ್ದೆ. ಶಿಫ್ಟ್ ಬಸ್ಸಿನ ಹೊತ್ತಿಗೆ ಎದ್ದೆ, ನಾಸಿಕ್ ಹೆದ್ದಾರಿಯ ಲಾರಿ ಸಾಲಿನಲ್ಲಿ ಕಾದೆ, ತರಕಾರಿ ತಂದೆ, ಮನೆಗಳನ್ನು ನೋಡಿದೆ. ಎರಡು ರೂಮಿನ ಮನೆಗೆ 13,000 ಬಾಡಿಗೆ. ಅಡ್ವಾನ್ಸ್ ಎರಡೇ ತಿಂಗಳದ್ದು, ಅದು ಬೆಂಗಳೂರಿಗಿಂತ ಎಷ್ಟೋ ವಾಸಿ. ಕಲಬುರಗಿ, ವಿಜಯಪುರ ಕಡೆಯವರು ತುಂಬಾ ಜನ ಸಿಕ್ಕರು. ಜೋಳದ ರೊಟ್ಟಿ ಊಟ ಚೆನ್ನಾಗಿತ್ತು. ಹೊಸ ಘಟಕದ ಯಂತ್ರಗಳನ್ನು ನೋಡಿ ನಿಜಕ್ಕೂ ಆಸೆಯಾಯಿತು.

ಒಂದು ಸಂಜೆ ಅಮ್ಮನ ಮಾತ್ರೆ ಚೀಟಿ ಹಿಡಿದು ಮೆಡಿಕಲ್ ಅಂಗಡಿಗೆ ಹೋದೆ. ಎಲ್ಲ ಮಾತ್ರೆಯೂ ಇತ್ತು. ಅಂಗಡಿಯವರು ಹಿಂದಿಯಲ್ಲಿ, ಯಾರಿಗೆ, ವಯಸ್ಸೆಷ್ಟು, ಬೇರೆ ಏನು ತೊಂದರೆ ಅಂತ ಕಾಳಜಿಯಿಂದಲೇ ಕೇಳಿದರು. ನಾನು ಹೇಗೋ ಹೇಳಿದೆ. ಅಮ್ಮನಿಗೆ 72. ಕನ್ನಡ ಬಿಟ್ಟರೆ ಬೇರೆ ಭಾಷೆ ಬರಲ್ಲ. "ಎದೆ ಹಿಡಿದ ಹಾಗೆ ಆಗುತ್ತೆ ಕಣಪ್ಪ" ಅಂತ ಅವಳು ಅಲ್ಲಿ ಯಾರಿಗೆ ಹೇಳಬೇಕು? ನಾನು ಎರಡನೇ ಶಿಫ್ಟಿನಲ್ಲಿದ್ದರೆ? ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಅಂಗಡಿ ಪಕ್ಕದಲ್ಲೇ ತುಂಬಾ ಹೊತ್ತು ನಿಂತಿದ್ದೆ.

ವಾಪಸ್ ಬಂದ ಮೇಲೆ ಮಾಡಿದ ಕೆಲಸ ಎಲ್ಲಕ್ಕಿಂತ ಮುಖ್ಯ. ವಿಆರ್‌ಎಸ್ ತೆಗೆದುಕೊಂಡ ಮೇಲೆ ಕೆಲಸ ಹುಡುಕೋಣ ಅಂತ ಕೂರಲಿಲ್ಲ. ಪೀಣ್ಯ ಎರಡನೇ ಹಂತದಲ್ಲಿ ಮೂರು ಕಡೆ ಸಂದರ್ಶನಕ್ಕೆ ಹೋದೆ. ಒಬ್ಬರು ವಯಸ್ಸು ಕೇಳಿ ಬಿಟ್ಟರು. ಇನ್ನಿಬ್ಬರು ಕೈಗೆ 32ರಿಂದ 35 ಸಾವಿರ ಕೊಡುತ್ತೇವೆ ಅಂದರು. ನನ್ನ ಆಗಿನ ಕೈ ಸಂಬಳ 53,000. ನೋವಾಯಿತು. ಆದರೆ ಮಾರುಕಟ್ಟೆಯಲ್ಲಿ ನನ್ನ ಬೆಲೆ ಎಷ್ಟು ಅಂತ ಊಹೆ ಮಾಡುವುದು ತಪ್ಪಿತು.

ಹೆಂಡತಿ ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್, ಸಂಬಳ 16,000. ಚಾಕಣ್‌ನಲ್ಲಿ ಆ ಕೆಲಸ ಇಲ್ಲ. ಇಲ್ಲಿ ಉಳಿದರೆ ನನ್ನ ಹೊಸ ಸಂಬಳ 34 ಮತ್ತು ಅವಳ 16 ಸೇರಿ 50 ಸಾವಿರ. ಅಲ್ಲಿಗೆ ಹೋದರೆ 53ರಲ್ಲಿ ಬಾಡಿಗೆ 13 ಕಳೆದು, ಬಾಗಲಗುಂಟೆಯ ನಮ್ಮ ಸ್ವಂತ ಮನೆಯಿಂದ ಬರುವ ಬಾಡಿಗೆ 12 ಸೇರಿಸಿದರೆ 52. ಎರಡೂ ಹೆಚ್ಚುಕಡಿಮೆ ಒಂದೇ! ಇಷ್ಟು ಹತ್ತಿರ ಬರುತ್ತದೆ ಅಂತ ನಾವಿಬ್ಬರೂ ಅಂದುಕೊಂಡಿರಲಿಲ್ಲ.

ಮಗಳು ಆಗ ಮೊದಲ ಪಿಯುಸಿ. ಹೊರಗೆ ಹೋದರೆ ಸಿಇಟಿ ಸೀಟಿನ ಹಕ್ಕು ಹೋಗುತ್ತದೆ ಅಂತ ಬಂಧುಗಳೆಲ್ಲ ಹೆದರಿಸಿದ್ದರು. ನಿಯಮ ತೆಗೆದು ಓದಿದೆ. ಒಂದನೇ ತರಗತಿಯಿಂದ ಎರಡನೇ ಪಿಯುವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಇಲ್ಲವೇ ಎರಡನೇ ಪಿಯುಸಿ ಇಲ್ಲೇ ಪಾಸಾಗಿರಬೇಕು. ಅವಳು ಹತ್ತು ವರ್ಷವೂ ಇಲ್ಲೇ ಓದಿದವಳು. ಆ ಭಯಕ್ಕೆ ಆಧಾರವೇ ಇರಲಿಲ್ಲ. ವರ್ಷದ ಮಧ್ಯದಲ್ಲಿ ಕಾಲೇಜು ಬದಲಿಸುವುದು ಕಷ್ಟ, ಅದು ಬೇರೆ ಮಾತು.

ಹಾಗಾದರೆ ತಕ್ಕಡಿ ಯಾವ ಕಡೆ ವಾಲಿತು? ಎಚ್‌ಆರ್ ಅವರ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿದೆ. ಮೊದಲನೆಯದು, ಚಾಕಣ್‌ಗೆ ಬಂದರೆ 2002ರಿಂದಿನ ಸರ್ವಿಸ್ ಮುಂದುವರಿಯುತ್ತದೆ ಅಂತ ಬರೆದು ಕೊಡ್ತೀರಾ ಸರ್? ಕೊಡ್ತೀವಿ ಅಂದರು. ಎರಡನೆಯದು, ಎರಡು ವರ್ಷದೊಳಗೆ ಅಲ್ಲಿಯೂ ಕೆಲಸ ಇಲ್ಲ ಅಂದರೆ ಇದೇ ವಿಆರ್‌ಎಸ್ ಇದೇ ಲೆಕ್ಕದಲ್ಲಿ ಕೊಡ್ತೀರಾ? ಬಾಯಲ್ಲಿ "ಹಾಗೆಲ್ಲ ಆಗಲ್ಲ ಬಿಡಿ" ಅಂದರು. ಬರೆದು ಕೊಡಲಿಲ್ಲ. ತಿಂಗಳ ಲೆಕ್ಕ ಸಮ, ಅಮ್ಮ ಇಲ್ಲಿ, ಹೆಂಡತಿ ಕೆಲಸ ಇಲ್ಲಿ, ಹತ್ತು ಲಕ್ಷ ಇವತ್ತು ಸಿಗುತ್ತದೆ, ನಾಳೆ ಸಿಗುವ ಖಾತರಿ ಇಲ್ಲ. ಅವತ್ತು ರಾತ್ರಿ ವಿಆರ್‌ಎಸ್ ಅಂತ ತೀರ್ಮಾನ ಮಾಡಿದೆವು.

ಸಹಿ ಹಾಕುವ ಮೊದಲು ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ರಿಲೀವ್ ಮಾಡುವ ದಿನ ಸೆಪ್ಟೆಂಬರ್ 30. ಗ್ರಾಚ್ಯುಟಿಯಲ್ಲಿ ಆರು ತಿಂಗಳು ದಾಟಿದರೆ ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ, ಅದಕ್ಕೇ ಅಲ್ಲಿ 21. ಕಂಪನಿಯ ಸ್ಕೀಮಿನಲ್ಲಿ ಮಾತ್ರ ಪೂರ್ತಿಯಾದ ವರ್ಷಕ್ಕಷ್ಟೇ ದುಡ್ಡು, ಅದಕ್ಕೇ 20. ನವೆಂಬರ್ 18 ದಾಟಿದರೆ ಇನ್ನೊಂದು ವರ್ಷ, ಅಂದರೆ 57,000 ಜಾಸ್ತಿ. ಯಂತ್ರ ಬಿಚ್ಚಿ ಕಳಿಸುವವರೆಗೆ ಕ್ವಾಲಿಟಿಯವರು ಹೇಗೂ ಬೇಕಲ್ವಾ, ನವೆಂಬರ್ 30ರವರೆಗೆ ಇರ್ತೀನಿ ಸರ್ ಅಂತ ಕೇಳಿದೆ. ಒಪ್ಪಿದರು. ಕೇಳದಿದ್ದರೆ ಅದೂ ಹೋಗುತ್ತಿತ್ತು, ಎರಡು ತಿಂಗಳ ಸಂಬಳವೂ ಹೋಗುತ್ತಿತ್ತು. ನನ್ನ ಜೊತೆಯ ಇಬ್ಬರಿಗೆ ಹೀಗೇ ಒಂದು ವರ್ಷ ತಪ್ಪಿತ್ತು. ಅವರಿಗೂ ಹೇಳಿದೆ, ಅವರದ್ದೂ ಸರಿಯಾಯಿತು.

ಅಮ್ಮನ ಆರೋಗ್ಯ ವಿಮೆ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿತ್ತು, ಕೊನೆಯ ದಿನಕ್ಕೆ ನಿಂತುಹೋಗುವಂಥದ್ದು. ಕೆಲಸದಲ್ಲಿ ಇರುವಾಗಲೇ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಿಸಲು ಅರ್ಜಿ ಹಾಕಿದೆ. ವರ್ಷಕ್ಕೆ 41 ಸಾವಿರ ಪ್ರೀಮಿಯಂ. ಜಾಸ್ತಿಯೇ, ಆದರೆ ಸಕ್ಕರೆ ಕಾಯಿಲೆ ಇರುವ 72ರ ವಯಸ್ಸಿನವರಿಗೆ ಹೊಸ ಪಾಲಿಸಿ ಸಿಗುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು.

ಹಣ ಬಂದ ಮೇಲೆ 4 ಲಕ್ಷ ಮನೆ ಸಾಲಕ್ಕೆ ಕಟ್ಟಿದೆ. 6 ಲಕ್ಷವನ್ನು ಒಂದೊಂದು ಲಕ್ಷದ ಆರು ಎಫ್‌ಡಿ ಮಾಡಿದೆ. ಕಷ್ಟ ಬಂದರೆ ಒಂದನ್ನು ಮಾತ್ರ ಮುರಿಸಬಹುದು. ಪಿಎಫ್ ಮುಟ್ಟಲಿಲ್ಲ, 2024ರ ಜನವರಿಯಲ್ಲಿ ಹೊಸ ಕೆಲಸಕ್ಕೆ ಸೇರಿದಾಗ ಅದೇ ಯುಎಎನ್‌ಗೆ, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಗೆ, ಸೇರಿಸಿದೆ. 58ಕ್ಕೆ ಬರುವ ಪಿಂಚಣಿಯ ಲೆಕ್ಕಕ್ಕೆ ಹಳೆಯ ಸರ್ವಿಸ್ ಹೊಸದರ ಜೊತೆ ಸೇರಲೂ ಅದು ಅನುಕೂಲ.

ಚಾಕಣ್‌ನ ಗೆಳೆಯ ಅಲ್ಲೇ ಇದ್ದಾನೆ. ಅವನ ಹೆಂಡತಿ ಬೆಳಗಾವಿಯವರು, ಮರಾಠಿ ಚೆನ್ನಾಗಿ ಬರುತ್ತದೆ, ಅಪ್ಪ ಅಮ್ಮನ ಮನೆಯೂ ದಾರಿಯಲ್ಲೇ. ಅವನ ನೋಟ್‌ಬುಕ್ಕಿನಲ್ಲಿ ಲೆಕ್ಕ ಬೇರೆಯೇ ಬಂದಿತ್ತು.