ಹಳೇ ಫೋರ್ ವೀಲ್ ಜೀಪು ಕೊಳ್ಳುವ ಮೊದಲು ಅದರ ಕೆಳಗೆ ಮಲಗಿ ನೋಡಿ

ದುಡ್ಡು ಕೊಟ್ಟು ಗಾಡಿ ಮನೆಗೆ ತಂದ ಮೇಲೆ ಫೋನ್ ಮಾಡುವವರೇ ಜಾಸ್ತಿ. ಕೊಳ್ಳುವ ಮೊದಲು ಕೇಳುವವರು ತುಂಬಾ ಕಡಿಮೆ. ಹೋದ ಮಳೆಗಾಲದಲ್ಲಿ ಬೆಂಗಳೂರಿನ ಗೆಳೆಯರೊಬ್ಬರು ಹಳೇ ಮಾರುತಿ ಜಿಪ್ಸಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಫೋರ್ ವೀಲ್ ಜೀಪು, ತಗೊಂಡು ಸಕಲೇಶಪುರದ ಹತ್ತಿರ ಇರುವ ಮಾವನ ತೋಟಕ್ಕೆ ಬಂದರು. ಹೊಸ ಹಸಿರು ಬಣ್ಣ, ದಪ್ಪ ಟೈರು, ಮುಂದೆ ಗಾಡಿ ಎಳೆಯುವ ವಿಂಚು, ತಲೆ ಮೇಲೆ ಸಾಲು ದೀಪ. ಗೇಟು ದಾಟಿದ ಮೊದಲ ಏರಿನಲ್ಲೇ ಹಿಂದಿನ ಚಕ್ರ ಕೆಸರಲ್ಲಿ ಸುಮ್ನೆ ತಿರುಗುತ್ತಾ ನಿಂತವು, ಮುಂದಿನವು ಅಲ್ಲಾಡಲೇ ಇಲ್ಲ. ಟ್ರ್ಯಾಕ್ಟರ್ ತಂದು ಎಳೆಸಿದೆವು. ಆಮೇಲೆ ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ, ಎಂಜಿನ್ ಬಲವನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಜಾಯಿಂಟ್ ಶಾಫ್ಟೇ ಇಲ್ಲ. ಅದು ಕೂರುವ ಜಾಗದಲ್ಲಿ ನಾಲ್ಕು ಬೋಲ್ಟ್ ತೂತು, ತೂತಿನ ಸುತ್ತ ಹಳೇ ತುಕ್ಕು. ಯಾರೋ ವರ್ಷಗಳ ಹಿಂದೆಯೇ ಮೈಲೇಜಿಗೆ ಅಂತ ಬಿಚ್ಚಿ ಇಟ್ಟಿದ್ದರು. ಒಳಗೆ ಫೋರ್ ವೀಲ್ ಹಾಕುವ ಲಿವರ್ ಮಾತ್ರ ಚೆನ್ನಾಗಿ ಬೀಳುತ್ತಿತ್ತು.

ಅವರು ಆ ಗಾಡಿಗೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅರ್ಧ ಗಂಟೆ, ಒಂದು ಜ್ಯಾಕು, ಒಂದು ಸೀಮೆಸುಣ್ಣ ಇದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಹೇಗೆ ಅಂತ ಹೇಳುತ್ತೇನೆ.

ಹುಡುಕುವುದು ಎಲ್ಲಿ

ಹಳೇ ಫೋರ್ ವೀಲ್ ಗಾಡಿಗಳು ಎಲ್ಲಾ ಕಡೆ ಒಂದೇ ಥರ ಉಳಿದಿಲ್ಲ. ಬಯಲುಸೀಮೆಯಲ್ಲಿ ರಸ್ತೆ ಒಳ್ಳೆಯದಾದ ಹಾಗೆ ಅವು ಗುಜರಿಗೆ ಹೋದವು. ಮಲೆನಾಡು, ಕೊಡಗಿನಲ್ಲಿ ಉಳಿದುಕೊಂಡವು, ಯಾಕೆಂದರೆ ಅವಕ್ಕೆ ಅಲ್ಲಿ ಕೆಲಸ ಇತ್ತು. ಕೊಡಚಾದ್ರಿಗೆ ನಿಟ್ಟೂರಿಂದಲೋ ಕೊಲ್ಲೂರಿಂದಲೋ ಹೋಗುವವರು, ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವವರು, ಕೆಮ್ಮಣ್ಣುಗುಂಡಿ ಕಡೆಯಿಂದ ಹೆಬ್ಬೆ ಜಲಪಾತಕ್ಕೆ ಹೋಗುವವರು ಇವತ್ತಿಗೂ ಹತ್ತುವುದು ಜೀಪನ್ನೇ. ತೋಟದೊಳಗೆ ಕಾಫಿ ಮೂಟೆ, ಗೊಬ್ಬರ, ಕೆಲಸದವರು ಎಲ್ಲರನ್ನೂ ಹೊತ್ತದ್ದು ಅದೇ. ಗಾಡಿಗೆ ಕೆಲಸ ಇದ್ದರೆ ಊರಲ್ಲಿ ಮೆಕ್ಯಾನಿಕ್ ಉಳಿಯುತ್ತಾರೆ, ಮೆಕ್ಯಾನಿಕ್ ಉಳಿದರೆ ಅಂಗಡಿಯವರು ಸೀಲು, ಬೇರಿಂಗು ತರಿಸಿ ಇಟ್ಟಿರುತ್ತಾರೆ. ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜ್ಯಾಂಗ್‌ನಲ್ಲಿ 1950ರ ದಶಕದ ಲ್ಯಾಂಡ್ ರೋವರ್‌ಗಳು 3,636 ಮೀಟರ್ ಎತ್ತರದ ಸಂದಕ್‌ಫುಗೆ ಜನರನ್ನು ಹೊತ್ತು ಬದುಕಿದ್ದೂ ಹೀಗೆಯೇ.

ಹಾಗಾಗಿ ನನ್ನ ಮಾತು ಇಷ್ಟು: ಕೆಲಸ ಮಾಡುತ್ತಾ ಇರುವ ಗಾಡಿ ಕೊಳ್ಳಿ. ಬಣ್ಣ ಮಾಸಿದ, ಸೀಟು ಹರಿದ, ನಿನ್ನೆ ಸಂಜೆಯೂ ತೋಟಕ್ಕೆ ಹೋಗಿ ಬಂದ ಜೀಪು, ಶೋರೂಮಿನ ಹಾಗೆ ಹೊಳೆಯುವ ಜೀಪಿಗಿಂತ ಎಷ್ಟೋ ಮೇಲು.

ಉತ್ತರದಿಂದ ಬರುವ ಗಾಡಿಗಳ ಬಗ್ಗೆ ಎಚ್ಚರ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿನ ಹಳೇ ಗಾಡಿಗಳು ಬೇರೆ ಬೇರೆ ರಾಜ್ಯಕ್ಕೆ ಬಂದವು. ಒಳ್ಳೆಯವೂ ಇವೆ. ಆದರೆ ಮೂರು ಗಾಡಿಯ ಭಾಗ ಸೇರಿಸಿ ಕಟ್ಟಿದವೂ ಇವೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪು ಕಟ್ಟುವುದೇ ಒಂದು ದೊಡ್ಡ ಕಸುಬು. ನೋಡಲು ಚೆಂದ ಇರುತ್ತವೆ, ಆದರೆ ದಾಖಲೆಗೂ ಗಾಡಿಗೂ ತಾಳೆ ಆಗದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಅಳಬೇಕಾದೀತು.

ಯಾವ ಗಾಡಿ

ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತೋಟದ ಕೆಲಸಕ್ಕಾದರೆ ಮಹೀಂದ್ರ ಎಂಎಂ 540 ಅಥವಾ 550, ಡೀಸೆಲ್. 540ರಲ್ಲಿರುವ 2,112 ಸಿಸಿಯ ಪೂಜೋ ಎಂಜಿನ್ ನಿಧಾನದ್ದು, ಸದ್ದಿನದ್ದು, ಆದರೆ ಹಳ್ಳಿ ಗ್ಯಾರೇಜಿನಲ್ಲೂ ಅದನ್ನು ಬಿಚ್ಚಿ ಕೂರಿಸುತ್ತಾರೆ. ಸುತ್ತಾಟಕ್ಕೆ, ಕೆಸರಿಗೆ, ಹಗುರ ಗಾಡಿ ಬೇಕಾದರೆ ಮಾರುತಿ ಜಿಪ್ಸಿ. 1985ರಲ್ಲಿ ಬಂದದ್ದು 970 ಸಿಸಿ, ನಾಲ್ಕು ಗೇರು. 1996ರ ಜಿಪ್ಸಿ ಕಿಂಗ್‌ನಲ್ಲಿ 1,298 ಸಿಸಿ, ಐದು ಗೇರು. ಕಿಂಗ್ ಸಿಕ್ಕರೆ ಕಿಂಗ್ ತಗೊಳ್ಳಿ, ಹಳೆಯದಕ್ಕೆ ಘಾಟಿ ಹತ್ತುವಾಗ ಉಸಿರು ಸಾಲದು.

ಮೊದಲ ಗಾಡಿಯಾಗಿ ಟಾಟಾ ಸಿಯೆರಾದ ಫೋರ್ ವೀಲ್ ಬೇಡ. ನನಗೂ ಅದು ತುಂಬಾ ಇಷ್ಟ, ಆದರೆ ಮಾಡಿದ್ದೇ ಕಡಿಮೆ, ಮುಂದಿನ ಭಾಗದ ಸಾಮಾನಿಗೆ ತಿಂಗಳುಗಟ್ಟಲೆ ಅಲೆಯಬೇಕು. ಜಬಲ್‌ಪುರದಲ್ಲಿ ಸೇನೆಗೆ ತಯಾರಾದ ಜೋಂಗಾ ಕೂಡ ಬೇಡ. 3,956 ಸಿಸಿಯ ಪೆಟ್ರೋಲ್ ಎಂಜಿನ್, ಬಂಕಿನ ಮುಂದೆಯೇ ಮನೆ ಮಾಡಬೇಕು.

ಗಾಡಿಯ ಮುಂದಿನ ಅರ್ಧ: ಇಲ್ಲೇ ಎಲ್ಲರೂ ಎಡವುವುದು

ನಿಧಾನಕ್ಕೆ ಓದಿ. ಸಾಮಾನ್ಯವಾಗಿ ಜನ ಏನು ಮಾಡುತ್ತಾರೆ ಅಂದರೆ, ಗಾಡಿ ಹತ್ತಿ ಫೋರ್ ವೀಲ್ ಲಿವರ್ ಹಾಕಿ, ಡಾಂಬರು ರಸ್ತೆಯಲ್ಲಿ ನೂರು ಅಡಿ ಓಡಿಸಿ, "ಆಯ್ತು, ಕೆಲಸ ಮಾಡ್ತಿದೆ" ಅಂದುಕೊಂಡು ಮುಂಗಡ ಕೊಡುತ್ತಾರೆ. ಲಿವರ್ ಬಿದ್ದರೆ ಚಕ್ರ ತಿರುಗುತ್ತದೆ ಅಂತ ಅರ್ಥವಲ್ಲ. ಜೊತೆಗೆ ಡಾಂಬರಿನ ಮೇಲೆ ಫೋರ್ ವೀಲ್ ಹಾಕುವುದೇ ತಪ್ಪು. ಗಾಡಿ ತಿರುವು ತಗೊಂಡಾಗ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಈ ಹಳೇ ಗಾಡಿಗಳಲ್ಲಿ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡೂ ಟ್ರಾನ್ಸ್‌ಫರ್ ಕೇಸಿನಲ್ಲಿ, ಅಂದರೆ ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರು ಡಬ್ಬಿಯಲ್ಲಿ, ಬಿಗಿಯಾಗಿ ಕಚ್ಚಿಕೊಳ್ಳುತ್ತವೆ, ನಡುವೆ ಈ ವೇಗದ ವ್ಯತ್ಯಾಸ ಹೊಂದಿಸಿಕೊಳ್ಳುವ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಾದರೆ ಟೈರು ಸ್ವಲ್ಪ ಜಾರಿ ಸರಿ ಮಾಡಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗ ಇಲ್ಲ, ಆ ಬಿಗಿತವೆಲ್ಲ ಶಾಫ್ಟಿಗೆ, ಗೇರಿಗೆ ಹೋಗಿ ಸುತ್ತಿಕೊಳ್ಳುತ್ತದೆ. ಆಮೇಲೆ ಲಿವರ್ ಹಿಂದಕ್ಕೆ ಬರುವುದಿಲ್ಲ. ಹಾಗೆ ಸಿಕ್ಕಿಕೊಂಡರೆ ಲಿವರನ್ನು ಜಗ್ಗಾಡಬೇಡಿ. ಸ್ಟೇರಿಂಗ್ ನೇರ ಇಟ್ಟು ನಾಲ್ಕಾರು ಅಡಿ ರಿವರ್ಸ್ ಹೋಗಿ, ತಾನೇ ಬಿಡುತ್ತದೆ.

ಈಗ ಪರೀಕ್ಷೆ. ಎಂಜಿನ್ ಆಫ್ ಇರಲಿ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ದಪ್ಪ ಕಲ್ಲು ಕೊಡಿ. ಗೇರು ನ್ಯೂಟ್ರಲ್, ಫೋರ್ ವೀಲ್ ಲಿವರ್ ಟೂ ಹೈನಲ್ಲಿ, ಅಂದರೆ ಹಿಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ಕಡೆ. ಮುಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕ್ ಕೊಟ್ಟು ಎತ್ತಿ. ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮೈ ತೂರಿಸಬೇಡಿ, ಪಕ್ಕದಿಂದಲೇ ಬಗ್ಗಿ ನೋಡಿದರೆ ಶಾಫ್ಟು ಕಾಣುತ್ತದೆ. ಎತ್ತುವ ಮೊದಲೇ ಮುಂದಿನ ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿರಿ.

ಕೆಲವು ಜಿಪ್ಸಿಗಳಲ್ಲಿ ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ಹಬ್ ಲಾಕ್ ಇರುತ್ತದೆ, ಚಕ್ರವನ್ನು ಎಕ್ಸೆಲಿಗೆ ಕಚ್ಚಿಸುವುದು ಅದೇ. ಎರಡೂ ಕಡೆಯದನ್ನು ಲಾಕ್‌ಗೆ ತಿರುಗಿಸಿ. ತಿರುಗದೆ ತುಕ್ಕು ಹಿಡಿದಿದ್ದರೆ ಅದೇ ಒಂದು ಉತ್ತರ. ಹಳೇ ಜೀಪುಗಳಲ್ಲಿ ಬಹಳಷ್ಟಕ್ಕೆ ಹಬ್ ಲಾಕ್ ಇಲ್ಲ, ಅವು ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ. ಈಗ ಎತ್ತಿದ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಗೆರೆ ನೋಡಿ. ಗೆರೆ ಸುತ್ತಬೇಕು. ಚಕ್ರ ತಿರುಗಿ ಗೆರೆ ನಿಂತಲ್ಲೇ ನಿಂತರೆ ಹಬ್ ಕಚ್ಚುತ್ತಿಲ್ಲ, ಇಲ್ಲವೇ ಒಳಗೆ ಎಕ್ಸೆಲ್ ಮುರಿದಿದೆ, ಇಲ್ಲವೇ ಎರಡು ಚಕ್ರಗಳ ನಡುವೆ ಗೇರು ಕೂತಿರುವ ಕಬ್ಬಿಣದ ಹೌಸಿಂಗಿನೊಳಗೆ ಹಲ್ಲು ಹೋಗಿದೆ. ಕೆಲವರು ಹೌಸಿಂಗನ್ನು ಪೂರ್ತಿ ಖಾಲಿ ಮಾಡಿ ತೋರಿಕೆಗೆ ಶಾಫ್ಟು ಮಾತ್ರ ತೂಗಿಸಿಟ್ಟಿರುತ್ತಾರೆ, ಅದೂ ಇಲ್ಲೇ ಸಿಕ್ಕಿಬೀಳುತ್ತದೆ.

ಚಕ್ರ ಹಾಗೇ ಎತ್ತಿರಲಿ. ಈಗ ಲಿವರ್ ಫೋರ್ ಹೈಗೆ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಡೆಗೆ, ಹಾಕಿ. ಹಲ್ಲಿಗೆ ಹಲ್ಲು ಕೂರಲು ಚಕ್ರವನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಬೇಕಾಗಬಹುದು. ಕೂತ ಮೇಲೆ ಚಕ್ರ ತಿರುಗಲೇಬಾರದು, ಯಾಕೆಂದರೆ ಈಗ ಅದು ನೆಲದ ಮೇಲಿರುವ ಹಿಂದಿನ ಚಕ್ರಗಳಿಗೆ ಕಟ್ಟಿಕೊಂಡಿದೆ. ಹಳೇ ಗಾಡಿ, ಸ್ವಲ್ಪ ಆಟ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಕಾಲು ಸುತ್ತು ತಿರುಗಿ ಆಮೇಲೆ ಟಕ್ ಅಂತ ನಿಂತರೆ ಶಾಫ್ಟಿನ ತುದಿಯ ಕೀಲು (ಯುಜೆ ಕ್ರಾಸು), ಹೌಸಿಂಗಿನೊಳಗಿನ ಗೇರು (ಕ್ರೌನ್ ಪಿನಿಯನ್) ಎಲ್ಲ ಸವೆದಿದೆ. ನಿಲ್ಲದೆ ಸುತ್ತುತ್ತಲೇ ಇದ್ದರೆ ಟ್ರಾನ್ಸ್‌ಫರ್ ಕೇಸಿನಲ್ಲಿ ಫೋರ್ ವೀಲ್ ಬೀಳುತ್ತಿಲ್ಲ. ಇನ್ನೊಂದು ಬದಿಯ ಚಕ್ರಕ್ಕೂ ಇದನ್ನೇ ಮಾಡಿ. ಒಂದು ಕಡೆ ನೋಡಿ ಬಿಟ್ಟವರು ಇನ್ನೊಂದು ಕಡೆಯ ಮುರಿದ ಎಕ್ಸೆಲ್ ಮನೆಗೆ ತಂದಿದ್ದನ್ನೂ ನೋಡಿದ್ದೇನೆ.

ಚಕ್ರ ಮೇಲಿರುವಾಗಲೇ ಇನ್ನೊಂದು ಕೆಲಸ. ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಆಡಿದರೆ ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಚಕ್ರದ ಬೇರಿಂಗು, ಸುಲಭದ ಕೆಲಸ. ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಗೂಟ, ಖರ್ಚಿನ ಕೆಲಸ. ಚಕ್ರದ ಹಿಂದೆ ಚೆಂಡಿನ ಹಾಗೆ ದುಂಡಗಿರುವ ಕೀಲಿನ (ಇಂಗ್ಲಿಷಿನಲ್ಲಿ knuckle) ಮೇಲೆ ಬೆರಳು ಆಡಿಸಿ. ತೆಳುವಾಗಿ ಗ್ರೀಸ್ ಇದ್ದರೆ ಪರವಾಗಿಲ್ಲ. ಗ್ರೀಸ್ ಜೊತೆ ಗೇರ್ ಆಯಿಲ್ ಸೇರಿ ನೀರುನೀರಾಗಿ ಇಳಿಯುತ್ತಿದ್ದರೆ ಒಳಗೆ ಆಯಿಲ್ ತಡೆಯುವ ಸೀಲ್ ಹೋಗಿದೆ. ಬದಲಿಸುವಾಗ ಕಡಿಮೆ ಬೆಲೆಯ ಡೂಪ್ಲಿಕೇಟ್ ಸೀಲ್ ದಯವಿಟ್ಟು ಬೇಡ. ಅದು ಒಂದು ಮಳೆಗಾಲ ದಾಟುವುದಿಲ್ಲ, ಸೀಲಿಗೆ ಉಳಿಸಿದ್ದರ ಹತ್ತು ಪಟ್ಟು ಬಿಚ್ಚುವ ಕೂಲಿಗೆ ಹೋಗುತ್ತದೆ. ಓಡುವಾಗ ಸ್ಟೇರಿಂಗ್ ಗಡಗಡ ನಡುಗಿದರೆ ಅದನ್ನು ತಡೆಯುವ ಡ್ಯಾಂಪರ್ ಹಾಕಿಕೊಡುತ್ತೇನೆ ಅನ್ನುವವರ ಮಾತೂ ಕೇಳಬೇಡಿ. ಡ್ಯಾಂಪರ್ ನಡುಕವನ್ನು ಮುಚ್ಚುತ್ತದೆ, ಸವೆದ ಕಿಂಗ್ ಪಿನ್ ಹಾಗೇ ಇರುತ್ತದೆ.

ಟೇಪು ಹಿಡಿದು ನಾಲ್ಕೂ ಟೈರಿನ ಸುತ್ತಳತೆ ಅಳೆಯಿರಿ. ಹಿಂದೆ ಹೊಸದು, ಮುಂದೆ ಸವೆದದ್ದು ಅಥವಾ ಬೇರೆ ಸೈಜು ಇದ್ದರೆ, ನೇರ ರಸ್ತೆಯಲ್ಲೂ ಆ ಬಿಗಿತ ಶುರುವಾಗುತ್ತದೆ.

ಇಷ್ಟಾದ ಮೇಲೆ ಓಡಿಸಿ. ಹುಲ್ಲು ಅಥವಾ ಸಡಿಲ ಮಣ್ಣಿನ ಏರು ಹುಡುಕಿ. ಗಾಡಿ ಪೂರ್ತಿ ನಿಲ್ಲಿಸಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಎಳೆತದ ಗೇರು) ಹಾಕಿ, ಒಂದನೇ ಗೇರಿನಲ್ಲಿ ಹತ್ತಿಸಿ. ಅದೇ ಗೇರಿನಲ್ಲಿ ಇಳಿಸಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟು. ಇಳಿಯುವಾಗ ಲಿವರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಆ ಗಾಡಿ ಬಿಟ್ಟು ಬನ್ನಿ. ಲೋ ಗೇರ್ ನಂಬಿ ಕಡಿದಾದ ಇಳಿಜಾರಿಗೆ ಬಿಟ್ಟಾಗ ಅದು ಹಾರಿದರೆ ಎಂಜಿನ್ ಹಿಡಿತವೇ ಇರುವುದಿಲ್ಲ. ಮೂಡಿಗೆರೆ ಕಡೆ ನೋಡಿದ ಒಂದು ಜೀಪಿನಲ್ಲಿ ಲಿವರ್ ಹಾರದಂತೆ ಹಳೇ ಟ್ಯೂಬಿನ ರಬ್ಬರಿನಲ್ಲಿ ಸೀಟಿನ ಕಾಲಿಗೆ ಬಿಗಿದು ಕಟ್ಟಿದ್ದರು. ರಬ್ಬರ್ ನಯವಾಗಿ ಸವೆದು ಕರ್ರಗೆ ಮಿಂಚುತ್ತಿತ್ತು, ಅಷ್ಟು ವರ್ಷ ಅದರ ಮೇಲೇ ಜನ ಓಡಾಡಿದ್ದಾರೆ. ನನಗೆ ಅದನ್ನು ನೋಡಿ ಭಯವಾಯಿತು.

ಚಾಸಿ

ಸಣ್ಣ ಸುತ್ತಿಗೆ ತಗೊಂಡು ಚಾಸಿಯ, ಅಂದರೆ ಬಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿನ, ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದ ಜಾಗ ದಬ್ ಅನ್ನುತ್ತದೆ, ಒಳಗಿಂದ ಮಣ್ಣು ಉದುರುತ್ತದೆ. ಮಲೆನಾಡಿನ ಗಾಡಿಯ ದೊಡ್ಡ ಕಾಯಿಲೆ ಇದೇ: ಡಬ್ಬಿಯಂಥ ಚಾಸಿಯೊಳಗೆ ಕೆಸರು ತುಂಬಿ, ತಿಂಗಳುಗಟ್ಟಲೆ ಒದ್ದೆಯಾಗೇ ಇದ್ದು, ಒಳಗಿಂದ ತಿನ್ನುತ್ತದೆ. ಗೊಬ್ಬರ ಹೊತ್ತ ಗಾಡಿಯಾದರೆ ಇನ್ನೂ ಬೇಗ. ಮಂಗಳೂರು, ಉಡುಪಿ ಕಡೆಯ ಗಾಡಿಗೆ ಉಪ್ಪು ಗಾಳಿ ಬೇರೆ. ಸ್ಪ್ರಿಂಗ್ ಪ್ಲೇಟುಗಳ ತುದಿ ಚಾಸಿಗೆ ಸೇರುವ ಜಾಗ, ಬಾಡಿ ಕೂರುವ ಬೋಲ್ಟ್ ಜಾಗ, ಇವೆರಡನ್ನು ಸ್ಕ್ರೂ ಡ್ರೈವರಿನಲ್ಲಿ ಚುಚ್ಚಿ ನೋಡಿ. ಕೆಳಗೆ ಹೊಸದಾಗಿ ಕಪ್ಪು ಡಾಂಬರಿನಂಥ ಕೋಟಿಂಗ್ ಹೊಡೆದಿದ್ದರೆ ಅಲ್ಲಿ ಜಾಸ್ತಿ ಬಡಿಯಿರಿ. ಮಾರುವ ವಾರ ಅದನ್ನು ಹೊಡೆಸುವವರು ಸುಮ್ನೆ ಹೊಡೆಸಿರುವುದಿಲ್ಲ. ಬಾಡಿಯ ತಗಡು ಹೋಗಿದ್ದರೆ ಚಿಂತೆ ಬೇಡ, ತಗಡು ಸಿಗುತ್ತದೆ.

ಎಂಜಿನ್ ಬಗ್ಗೆ ಒಂದೇ ಮಾತು: ಬೆಳಿಗ್ಗೆ ತಣ್ಣಗಿರುವಾಗ ಹೋಗಿ, ನೀವೇ ಸ್ಟಾರ್ಟ್ ಮಾಡಿ.

ಕಾಗದ

ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ ಪಕ್ಕದಲ್ಲಿ ಇಟ್ಟು ಒಂದೊಂದೇ ಅಕ್ಷರ ನೋಡಿ. ಎಂಜಿನ್ ನಂಬರೂ ಹಾಗೇ. ಹಳೇ ಜೀಪುಗಳಲ್ಲಿ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ದು ತುಂಬಾ ಇವೆ. ಕೂರಿಸಿದ್ದು ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ನೋಂದಣಿ ನವೀಕರಣದ ದಿನ ಕೆಲಸ ನಿಂತುಹೋಗುತ್ತದೆ. ಕಂಪನಿ ಕೊಟ್ಟ ರೂಪವನ್ನು ಬದಲಿಸಿದ ಗಾಡಿಗೆ ನೋಂದಣಿ ಇಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಉದ್ದ ಕಡಿಮೆ ಮಾಡಿದ, ಬಾಡಿ ಬದಲಿಸಿದ ಜೀಪು ಕೊಳ್ಳುವವರು ಇದನ್ನು ಮರೆಯಬಾರದು.

15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಜೀಪು, ಕಾರಿಗೆ 10,000 ಆಯಿತು. ಹೊರ ರಾಜ್ಯದ ಗಾಡಿಯಾದರೆ ಅಲ್ಲಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ಜೀವಾವಧಿ ತೆರಿಗೆ ಎರಡನ್ನೂ ಬೆಲೆಯ ಜೊತೆ ಸೇರಿಸಿ ಲೆಕ್ಕ ಹಾಕಿ. ನವೀಕರಣ ಮುಗಿದುಹೋದ ಗಾಡಿಯನ್ನು "ಆಮೇಲೆ ಮಾಡಿಸಿಕೊಡ್ತೀನಿ" ಅಂತ ಬ್ರೋಕರ್ ಹೇಳಿದರೆ, ಮಾಡಿಸಿದ ಮೇಲೆಯೇ ದುಡ್ಡು ಕೊಡಿ.

ಮನೆಗೆ ತಂದ ಮೇಲೆ

ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದಿನ ಮುಂದಿನ ಹೌಸಿಂಗ್, ಎಲ್ಲದರ ಆಯಿಲ್ ಬದಲಿಸಿ. ಇಳಿಸಿದ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕಿದ್ದರೆ ಹಳ್ಳ ದಾಟುವಾಗ ಒಳಗೆ ನೀರು ಹೋಗಿದೆ. ಹೊಸದು ಹಾಕಿ ಒಂದು ವಾರ ಓಡಿಸಿ ಮತ್ತೊಮ್ಮೆ ಇಳಿಸಿ ನೋಡಿ.

ಮೈಲೇಜಿಗೆ ಅಂತ ಶಾಫ್ಟ್ ಬಿಚ್ಚಬೇಡಿ. ಬಿಚ್ಚಿದ್ದನ್ನು ಗುಜರಿಗೆ ಹಾಕಿದವರ ಗಾಡಿಗಳಿಗೇ ನಾವು ಈಗ ಊರೂರು ಅಲೆದು ಸಾಮಾನು ಹುಡುಕುತ್ತಿರುವುದು. ಗೆಳೆಯರ ಜಿಪ್ಸಿಗೆ ಶಾಫ್ಟ್ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಸಿಕ್ಕ ಮೇಲೆ ನೋಡಿದರೆ ಅಷ್ಟು ವರ್ಷ ಸುಮ್ಮನೆ ನಿಂತ ಮುಂದಿನ ಹೌಸಿಂಗಿನಲ್ಲಿ ಮೇಲ್ಭಾಗದ ಹಲ್ಲುಗಳು ಎಣ್ಣೆ ತಾಗದೆ ತುಕ್ಕು ಹಿಡಿದಿದ್ದವು, ಅದನ್ನೂ ಬದಲಿಸಬೇಕಾಯಿತು. ಬೇಸಿಗೆಯಲ್ಲೂ ತಿಂಗಳಿಗೆ ಒಂದು ಸಲ, ಮಣ್ಣಿನ ದಾರಿಯಲ್ಲಿ ಅರ್ಧ ಕಿಲೋಮೀಟರ್ ಫೋರ್ ವೀಲ್ ಹಾಕಿ ಓಡಿಸಿ, ಆಮೇಲೆ ನೇರಕ್ಕೆ ನಾಲ್ಕಡಿ ರಿವರ್ಸ್ ಬಂದು ಟೂ ಹೈಗೆ ಹಾಕಿ ನಿಲ್ಲಿಸಿ.