ವಾಲ್ವ್ ಆಂಪ್ಲಿಫೈಯರಿಗೆ ಸರ್ಜ್ ಕಾವಲು: ಕೊನೆಗೂ ಕೆಲಸ ಮಾಡಿದ ವಿಧಾನ

ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರಿಗೆ ಸರ್ಜ್, ಅಂದರೆ ದಿಢೀರನೆ ಏರುವ ವೋಲ್ಟೇಜ್, ತಾಗದ ಹಾಗೆ ಕಾವಲು ಹಾಕುತ್ತೇನೆ ಎಂದಾಗ "ವಾಲ್ವ್ ಏನು ಕೊಟ್ಟರೂ ತಡ್ಕೊಳ್ಳುತ್ತೆ, ಅದಕ್ಕೆ ಪ್ರೊಟೆಕ್ಷನ್ ಯಾಕೆ?" ಎಂದು ನಕ್ಕವರೇ ಜಾಸ್ತಿ. ವಾಲ್ವ್ ತಡೆದುಕೊಳ್ಳುತ್ತದೆ, ಒಪ್ಪಿದೆ. ಸಾಯುವುದು ಡಯೋಡು, ಫಿಲ್ಟರ್ ಕೆಪಾಸಿಟರು, ಕೊನೆಗೆ ಪವರ್ ಟ್ರಾನ್ಸ್‌ಫಾರ್ಮರು. ನನ್ನ ಪುಷ್-ಪುಲ್ (ಎರಡು ವಾಲ್ವ್ ಜೋಡಿಯಾಗಿ ದುಡಿಯುವ) ಆಂಪ್ಲಿಫೈಯರಿನಲ್ಲಿ ಔಟ್‌ಪುಟ್ ವಾಲ್ವ್ ಇಎಲ್34 ಇನ್ನೂ ಹಳೆಯ ಜೋಡಿಯೇ ಇದೆ. ಟ್ರಾನ್ಸ್‌ಫಾರ್ಮರನ್ನು ಮಾತ್ರ ಮತ್ತೆ ಸುತ್ತಿಸಬೇಕಾಯಿತು. ಆ ದುಡ್ಡಿಗೆ ಇನ್ನೊಂದು ಜೊತೆ ವಾಲ್ವ್ ಬರುತ್ತಿತ್ತು.

ಮೊದಲು ಎಲ್ಲರ ಹಾಗೆ ಪವರ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ (ಮನೆ ಕರೆಂಟು ಸೇರುವ ಸುತ್ತಿಗೆ) ಅಡ್ಡಲಾಗಿ, ಫ್ಯೂಸಿನ ಆಚೆ, 275 ವೋಲ್ಟಿನ 14 ಮಿಲಿಮೀಟರ್ ಎಂಒವಿ (ವೋಲ್ಟೇಜ್ ಮಿತಿ ಮೀರಿದರೆ ತನ್ನ ಮೂಲಕ ಹರಿಸಿ ತಡೆಯುವ ಬಿಲ್ಲೆ) ಹಾಕಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಸೀಳಿ ಕಪ್ಪಾಗಿತ್ತು. ಈಗ 20 ಮಿಲಿಮೀಟರಿನದು ಇದೆ, ಮೈಗೆ ಅಂಟಿದ ಹಾಗೆ ಸರಣಿಯಲ್ಲಿ ಒಂದು ಥರ್ಮಲ್ ಫ್ಯೂಸ್ (ಬಿಸಿಗೆ ಕಡಿಯುವ ಫ್ಯೂಸ್). ನ್ಯೂಟ್ರಲ್ ಸಡಿಲವಾಗಿ ವೋಲ್ಟೇಜ್ ಏರಿ ಅಲ್ಲೇ ನಿಂತರೆ ಎಂಒವಿ ಕಾದು ಹೊತ್ತಿಕೊಳ್ಳುತ್ತದೆ. ಥರ್ಮಲ್ ಫ್ಯೂಸ್ ಬೇಕಾಗುವುದು ಆಗಲೇ.

ಎಂಒವಿ ಇದ್ದರೂ ಡಯೋಡು ಹೋಗುತ್ತಲೇ ಇದ್ದವು. ಲೆಕ್ಕ ಹಾಕಿ ನೋಡಿ. 230 ವೋಲ್ಟಿನ ಪೀಕ್ 325. ಈ ಎಂಒವಿ ದೊಡ್ಡ ಸರ್ಜ್ ಬಂದಾಗ ಹಿಡಿದು ನಿಲ್ಲಿಸುವುದು 700ರ ಆಸುಪಾಸಿನಲ್ಲಿ, ಅಂದರೆ ಮಾಮೂಲಿಗಿಂತ ಎರಡು ಪಟ್ಟು. 300-0-300 (ನಡುವಿನ ತಂತಿಯಿಂದ ಎರಡೂ ಕಡೆ 300 ವೋಲ್ಟಿನ) ಸೆಕೆಂಡರಿಯಲ್ಲಿ ಡಯೋಡಿನ ಮೇಲೆ ದಿನಾ ಬೀಳುವ ರಿವರ್ಸ್ (ಹಿಮ್ಮುಖ) ವೋಲ್ಟೇಜೇ 850ರಷ್ಟು. 1000 ವೋಲ್ಟಿನ 1ಎನ್4007 ಒಂದೇ ಇದ್ದರೆ ಉಳಿಯುವುದು ಹೇಗೆ? ಒಂದೊಂದು ಕಡೆಗೂ ಮೂರು ಮೂರು ಸರಣಿಯಲ್ಲಿ ಹಾಕಿದೆ. ಆಮೇಲೆ ಒಂದೂ ಹೋಗಿಲ್ಲ. ಪುಡಿಗಾಸಿನ ಕೆಲಸ.

ಇಷ್ಟಾದರೂ ಫ್ಯೂಸ್ ಸುಡುವುದು ನಿಲ್ಲಲಿಲ್ಲ. ಸಿಡಿಲಿಗಿಂತ ಜಾಸ್ತಿ ಕಾಡಿದ್ದು ಹೋದ ಕರೆಂಟು ತಕ್ಷಣ ವಾಪಸ್ ಬರುವುದು. ಇನ್‌ರಷ್‌ಗೆಂದು (ಆನ್ ಆದ ಕ್ಷಣ ನುಗ್ಗುವ ಕರೆಂಟಿಗೆಂದು) 10 ಓಮ್ ಎನ್‌ಟಿಸಿ (ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕುಗ್ಗುವ ರೆಸಿಸ್ಟರ್) ಹಾಕಿದ್ದೆ. ತಣ್ಣಗಿದ್ದಾಗ ಚೆನ್ನಾಗಿ ತಡೆಯುತ್ತಿತ್ತು. ಬಿಸಿಯಾದ ಮೇಲೆ ಅದರ ರೆಸಿಸ್ಟೆನ್ಸ್ ಒಂದು ಓಮಿಗಿಂತ ಕಡಿಮೆ, ಆರಲು ನಿಮಿಷವಾದರೂ ಬೇಕು. ಕರೆಂಟು ಮಿಣಕ್ ಎಂದು ಬಂದರೆ ಇದ್ದೂ ಇಲ್ಲದ ಹಾಗೆ. ಜೊತೆಗೆ "ಎನ್‌ಟಿಸಿ ಹಾಕಿದರೆ ಬಾಸ್ ಸತ್ತುಹೋಗುತ್ತೆ" ಎನ್ನುವವರ ಕಾಟ ಬೇರೆ.

ಎರಡಕ್ಕೂ ರಿಲೇ (ಕರೆಂಟು ಕೊಟ್ಟರೆ ತಾನೇ ಕಚ್ಚುವ ಸ್ವಿಚ್) ಮದ್ದಾಯಿತು. ಆನ್ ಮಾಡಿ ಎರಡು ಮೂರು ಸೆಕೆಂಡಿಗೆ ರಿಲೇ ಕಚ್ಚಿ ಎನ್‌ಟಿಸಿಯನ್ನು ಬೈಪಾಸ್ ಮಾಡುತ್ತದೆ. ಹಾಡು ಓಡುವಾಗ ಎನ್‌ಟಿಸಿ ತಣ್ಣಗೆ ಕೂತಿರುತ್ತದೆ. ಬಾಸ್ ತಕರಾರೂ ಅಲ್ಲಿಗೆ ಮುಗಿಯಿತು. ರಿಲೇಗೆ ವೋಲ್ಟೇಜ್ ಹೀಟರ್ ವೈಂಡಿಂಗಿನಿಂದಲೇ (ವಾಲ್ವ್ ಕಾಯಿಸುವ ಸುತ್ತು). ಒಂದು ಕಡೆ ಹುಷಾರು: ತಡವಾಗಿ ಕಚ್ಚಲಿ ಎಂದು ರಿಲೇಯ ಕಾಯಿಲಿಗೆ ಸುಮ್ನೆ ದೊಡ್ಡ ಕೆಪಾಸಿಟರ್ ಕಟ್ಟಿದರೆ ಬಿಡುವುದೂ ತಡ. ಕರೆಂಟು ಹೋಗಿ ಬಂದರೂ ರಿಲೇ ಕಚ್ಚಿಕೊಂಡೇ ಇರುತ್ತದೆ, ಫ್ಯೂಸ್ ಡಬ್ ಎನ್ನುತ್ತದೆ. ನಿಧಾನಕ್ಕೆ ಕಚ್ಚಿ ಥಟ್ಟನೆ ಬಿಡುವ ಹಾಗೆ ಮಾಡಿದ್ದೇನೆ. ಒಂದು ಡಯೋಡು, ಒಂದು ಟ್ರಾನ್ಸಿಸ್ಟರಿನ ಆಟ. ಎಲ್ಲಿ ಹಾಕಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಆಂಪ್ಲಿಫೈಯರಿನೊಳಗಿನ ಹೈಟೆನ್ಷನ್ ಲೈನಿಗೆ (ವಾಲ್ವ್‌ಗೆ ಹೋಗುವ ಹೆಚ್ಚು ವೋಲ್ಟಿನ ಡಿಸಿ) ಗ್ಯಾಸ್ ಟ್ಯೂಬ್ ಅರೆಸ್ಟರ್ (ವೋಲ್ಟೇಜ್ ಮೀರಿದರೆ ಒಳಗಿನ ಅನಿಲ ಹೊತ್ತಿ ಹರಿಸಿಬಿಡುವ ಕೊಳವೆ) ಕಟ್ಟಿ ನೋಡಿದೆ. ಡಿಸಿಯಲ್ಲಿ ಅದು ಒಮ್ಮೆ ಹೊತ್ತಿಕೊಂಡರೆ ಆರುವುದಿಲ್ಲ. ನೇರಳೆ ಬೆಳಕು ಚೆಂದವಾಗಿತ್ತು, ಹೈಟೆನ್ಷನ್ ಫ್ಯೂಸ್ ಹೋಯಿತು. ಅದನ್ನು ಕಿತ್ತು ನ್ಯೂಟ್ರಲ್-ಅರ್ತ್ ನಡುವೆ ಹಾಕಿದ್ದೇನೆ.

ಸರ್ಜ್ ಒಳಗಿನಿಂದಲೂ ಬರುತ್ತದೆ, ಅಲ್ವಾ? ಸ್ಪೀಕರ್ ವೈರ್ ಕಳಚಿದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಿಕ್‌ಗೆ (ದಿಢೀರ್ ಏರುವ ವೋಲ್ಟೇಜಿಗೆ) ಇಎಲ್34 ಸಾಕೆಟ್ಟಿನ 2 ಮತ್ತು 3ನೇ ಪಿನ್ ನಡುವೆ ಕಿಡಿ ಹಾರಿ ಬೇಕಲೈಟು ಕರಕಲಾಗಿತ್ತು. ಔಟ್‌ಪುಟ್ಟಿಗೆ ಅಡ್ಡಲಾಗಿ 330 ಓಮ್, 10 ವ್ಯಾಟ್ ರೆಸಿಸ್ಟರ್ ಕೂರಿಸಿ ಸಾಕೆಟ್ಟನ್ನು ಪಿಂಗಾಣಿಯದಕ್ಕೆ ಬದಲಿಸಿದೆ. ಎಲ್ಲ ಸೇರಿ ಖರ್ಚು ಒಂದು ಒಳ್ಳೆ ಇಎಲ್34 ಬೆಲೆಗಿಂತ ಕಡಿಮೆಯೇ. ಎರಡು ಮಳೆಗಾಲ ದಾಟಿದೆ, ಆಗಾಗ ಎಂಒವಿ ಮಾತ್ರ ಬದಲಿಸುತ್ತೇನೆ.