ಸನ್‌ರೂಫ್ ಸೋರುತ್ತಿದ್ದರೆ ವೀಡ್ ಕಟರ್ ದಾರ ಹಾಕಿ ನೋಡಿ

ಸನ್‌ರೂಫ್ ಇರುವ ಹಳೇ ಸ್ಪೋರ್ಟಿ ಕಾರು ತಗೊಂಡವರು, ಮಳೆಗೆ ಕಾಲಡಿಯ ಕಾರ್ಪೆಟ್ ಒದ್ದೆಯಾದರೆ ಸುಮ್ನೆ ಸನ್‌ರೂಫ್ ಅಂಚಿನ ರಬ್ಬರ್ ಬೀಡಿಂಗ್ ಬದಲಿಸಬೇಡಿ. ತೋಟದ ವೀಡ್ ಕಟರ್‌ಗೆ ಹಾಕುವ 2 ಮಿ.ಮೀ. ನೈಲಾನ್ ದಾರದ ತುದಿಯನ್ನು ಬೆಂಕಿಕಡ್ಡಿಯಲ್ಲಿ ಕಾಯಿಸಿ ಗುಂಡಗೆ ಮಾಡಿ, ಸನ್‌ರೂಫ್ ಚೌಕಟ್ಟಿನ ಮೂಲೆಯಲ್ಲಿ ನೀರು ಇಳಿಯುವ ಪೈಪಿನ ತೂತಿಗೆ ಮೆಲ್ಲಗೆ ತೂರಿಸಿ. ಬೀಡಿಂಗ್ ಎಷ್ಟೇ ಹೊಸದಿದ್ದರೂ ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ. ಅದು ಈ ಸಣ್ಣ ಪೈಪುಗಳಲ್ಲಿ ಇಳಿದು ಹೊರಗೆ ಹೋಗಬೇಕು. ನಮ್ಮ ಚಿಕ್ಕಮಗಳೂರು ಕಡೆ ಸಿಲ್ವರ್ ಓಕ್ ಕೆಳಗೆ ನಿಲ್ಲಿಸಿದ ಕಾರು ಅಂದಮೇಲೆ ಎಲೆಪುಡಿ ಕಟ್ಟಿಕೊಳ್ಳುವುದು ಸಹಜ ಅಲ್ವಾ? ನೈಲಾನ್ ಬಾಗುತ್ತಾ ಹೋಗುತ್ತದೆ, ಪೈಪ್ ಚುಚ್ಚುವುದಿಲ್ಲ. ಕಬ್ಬಿಣದ ತಂತಿ ಬೇಡವೇ ಬೇಡ. ಪಂಚರ್ ಅಂಗಡಿಯ ಗಾಳಿಯೂ ಬೇಡ: ಹಳೇ ಪೈಪ್ ಜಾಯಿಂಟ್‌ನಲ್ಲಿ ಕಳಚಿದರೆ ಚಾವಣಿಯ ಲೈನಿಂಗ್ ಬಿಚ್ಚಬೇಕಾಗುತ್ತದೆ. ಕೊನೆಗೆ ಆ ಮೂಲೆಗೆ ಅರ್ಧ ಲೋಟ ನೀರು ಹುಯ್ಯಿರಿ, ಕಾರಿನ ಕೆಳಗೆ ತೊಟ್ಟಿಕ್ಕಬೇಕು. ತೊಟ್ಟಿಕ್ಕದೆ ನೀರು ಒಳಗೇ ಇಳಿದರೆ ಪೈಪ್ ಬಿರುಕು ಬಿಟ್ಟಿದೆ ಅಥವಾ ಕಳಚಿದೆ, ದಾರದಿಂದ ಆಗದು. ಮಳೆಯೇ ಇಲ್ಲದಾಗ ಮುಂದಿನ ಸೀಟಿನ ಕಾಲಡಿ ಒದ್ದೆಯಾದರೆ ಸನ್‌ರೂಫ್ ಬಿಡಿ, ಎಸಿ ನೀರಿನ ಪೈಪ್ ನೋಡಿಸಿ.